ಈರುಳ್ಳಿ ಗಾಡಿಯ ವೈಫೈ

ಉಮಾಶಂಕರ ತನ್ನ ನೀಲಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಬಲತೋಳು ಮುಗಿಯಿತು, ಬೆನ್ನು ಮುಗಿಯಿತು, ಎಡತೋಳನ್ನು ಮೇಜಿನ ಮೇಲೆ ಹರಡಿದ್ದೇ ತಡ ಕರೆಂಟು ಹೋಯಿತು. ಫ್ಯಾನು ದಾಕ್ಷಿಣ್ಯಕ್ಕೆಂಬಂತೆ ಇನ್ನೆರಡು ಸುತ್ತು ತಿರುಗಿ ನಿಂತಿತು. ಟೀವಿಯ ಪಕ್ಕದಲ್ಲಿದ್ದ ವೈಫೈ ರೂಟರಿನ ಹಸಿರು ದೀಪಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು.

"ಮಂಗಳಾ, ಕರೆಂಟ್ ಹೋಯ್ತಲ್ಲೇ!"

"ಹೋಗುತ್ತೆ ಕದಾ," ಎಂದಳು ಮಂಗಳಾಗೌರಿ ಅಡುಗೆಮನೆಯಿಂದ. "ಸಾಯಂಕಾಲದ ತನಕ ಬರಲ್ಲ. ಲೈನ್ ರಿಪೇರಿ ಅಂತೆ. ನಿನ್ನೆನೇ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹಾಕಿದ್ರು."

"ನಿನ್ನೆನೇ ನೋಡಿದ್ಯಾ? ನಂಗ್ಯಾಕೆ ಹೇಳ್ಲಿಲ್ಲ?"

"ನೀವು ರೈಲಲ್ಲಿ ಇದ್ರಿ ಕದಾ. ರೈಲಲ್ಲಿ ಇರೋವ್ರಿಗೆ ಇಲ್ಲಿ ಕರೆಂಟ್ ಸುದ್ದಿ ಅಸಲು ಎಂದುಕು, ಯಾಕೆ ಬೇಕು ಅಂತ ಬಿಟ್ಟೆ."

ಉಮಾಶಂಕರ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟ. ಹನ್ನೊಂದು ಗಂಟೆಗೆ ಅವನ ಸಂದರ್ಶನವಿತ್ತು. ಅದೂ ವೀಡಿಯೋದಲ್ಲಿ.

ಅರಸೀಕೆರೆಯ ಉಮಾಶಂಕರ ವಿಜಯವಾಡದಲ್ಲಿ ಒಂದು ವಿಮಾ ಕಂಪನಿಯ ನೌಕರ. ಹೆಂಡತಿ ಮಂಗಳಾಗೌರಿ ವಿಶಾಖಪಟ್ಟಣದಲ್ಲಿ ಶಾಲಾ ಶಿಕ್ಷಕಿ. ಅವಳ ಅಪ್ಪ ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಅದೇ ಊರಿನ ಮಲ್ಕಾಪುರದ ಇದೇ ಕಟ್ಟಡದ ಇದೇ ಮೊದಲ ಮಹಡಿಯಲ್ಲಿ. ಹೀಗಾಗಿ ಅವಳ ಕನ್ನಡದಲ್ಲಿ ತೆಲುಗು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. 'ಅಲ್ವಾ' ಎನ್ನಬೇಕಾದಲ್ಲೆಲ್ಲ 'ಕದಾ' ಬರುತ್ತಿತ್ತು. ಉಮಾಶಂಕರ ವಾರವಿಡೀ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಬುಡದ ಬಾಡಿಗೆ ಕೋಣೆಯಲ್ಲಿ ತಾನೇ ಬೇಯಿಸಿದ್ದನ್ನು ತಾನೇ ಕ್ಷಮಿಸಿ ತಿಂದು, ಶನಿವಾರ ರೈಲು ಹತ್ತಿ ಮನುಷ್ಯರ ಊಟಕ್ಕೆ ಇಲ್ಲಿಗೆ ಬರುತ್ತಿದ್ದ. ಮದುವೆಯಾದಾಗಿನಿಂದ ಇದೇ ನಡೆದಿತ್ತು. ದಾರಿಯ ಸಾಮರ್ಲಕೋಟೆ ಸ್ಟೇಷನ್ನಿನಲ್ಲಿ ಟೀ ಮಾರುವವನು ಅವನ ಆರೋಗ್ಯ ವಿಚಾರಿಸುವಷ್ಟು ಪರಿಚಯವಾಗಿದ್ದ.

ಈಗ ವಿಶಾಖಪಟ್ಟಣದ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅರ್ಜಿ ಹಾಕಿದ್ದವರು ಇಬ್ಬರೇ. ಸಂದರ್ಶನಕ್ಕೆ ಮನೆಯಲ್ಲಿದ್ದರೆ ಧೈರ್ಯ ಬರುತ್ತದೆಂದು ಅವನು ರಜೆ ಹಾಕಿ ಬಂದಿದ್ದ; ಮಂಗಳಾಗೌರಿಯೂ ಶಾಲೆಗೆ ರಜೆ ಹಾಕಿದ್ದಳು. ಕಂಪನಿಯ ಸೂಚನೆಯ ಕೊನೆಯಲ್ಲಿ, "ನಿಗದಿತ ವೇಳೆಗೆ ವೀಡಿಯೋದಲ್ಲಿ ಹಾಜರಾಗದವರ ವಿಷಯದಲ್ಲಿ ಸೂಕ್ತ ತೀರ್ಮಾನ ತೆಗೆದುಕೊಳ್ಳಲಾಗುವುದು" ಎಂಬ ಒಂದು ಸಾಲಿತ್ತು. ಆ 'ಸೂಕ್ತ' ಎಂಬ ಮಾತು ಅವನಿಗೆ ಮೊದಲಿನಿಂದಲೂ ಚಾಕುವಿನ ಹಾಗೆ ಕಂಡಿತ್ತು.

"ಮೊಬೈಲಲ್ಲೇ ಮಾಡಿಬಿಡಿ," ಎಂದಳು ಮಂಗಳಾಗೌರಿ.

ಉಮಾಶಂಕರ ಮೊಬೈಲನ್ನು ಕಿಟಕಿಗೆ ಹಿಡಿದ, ಬಾಗಿಲಿಗೆ ಹಿಡಿದ, ಕುರ್ಚಿ ಹತ್ತಿ ತೊಲೆಗೆ ಹಿಡಿದ. ಮನೆಯ ಹಿಂದೆಯೇ ಗುಡ್ಡ. ಸಿಗ್ನಲ್ಲು ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ, ಅದೂ ಕರೆಂಟಿದ್ದಾಗ. ಈಗ ಎದುರಿನ ಟವರೂ ನಿದ್ದೆಹೋಗಿತ್ತು. ಇನ್ವರ್ಟರ್ ಕೊಳ್ಳೋಣವೆಂದು ಮಂಗಳಾಗೌರಿ ಹೇಳಿದಾಗಲೆಲ್ಲ "ವರ್ಗ ಆಗ್ಲಿ, ಆಮೇಲೆ" ಎಂದು ಮುಂದೂಡುತ್ತ ಬಂದವನು ಅವನೇ. ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಅಲ್ಲುಡು ಗಾರೂ, ಏನೋ ಗಾಬರಿಯಲ್ಲಿದ್ದ ಹಾಗಿದೆ?"

ಕೆಳಮನೆಯ ಈಶ್ವರಯ್ಯ. ಮಂಗಳಾಗೌರಿಯನ್ನು ಲಂಗದ ಕಾಲದಿಂದ ನೋಡಿದ ಇಡೀ ಕಟ್ಟಡಕ್ಕೆ ಉಮಾಶಂಕರ ಅಳಿಯನಾಗಿದ್ದ. ಎಲ್ಲರೂ 'ಅಲ್ಲುಡು ಗಾರು' ಎಂದೇ ಕರೆಯುತ್ತಿದ್ದರು. ಅಳಿಯನಿಗೆ ಸಹಾಯ ಮಾಡುವುದು ಅವರ ಹಕ್ಕು. ಬೇಡವೆನ್ನುವ ಹಕ್ಕು ಅಳಿಯನಿಗಿರಲಿಲ್ಲ.

ವಿಷಯ ಕೇಳಿ ಈಶ್ವರಯ್ಯ ನಕ್ಕುಬಿಟ್ಟರು. "ಇಷ್ಟೇನಾ? ನಾನು ಸಬ್‌ಮರೀನಿನಲ್ಲಿ ಇಡೀ ಸರ್ವಿಸ್ ಕಳೆದವನು. ಸಮುದ್ರದ ತಳದಲ್ಲಿ ಕರೆಂಟ್ ಕಂಬ ಇರುತ್ತಾ? ಎಲ್ಲ ಬ್ಯಾಟರಿ! ಆ ಡಬ್ಬ ತನ್ನಿ ಇಲ್ಲಿ."

ರೂಟರನ್ನು ತಿರುಗಿಸಿ ಮುರುಗಿಸಿ ನೋಡಿ, ಅದರ ಹೊಟ್ಟೆಯ ಮೇಲಿದ್ದ ಬರಹವನ್ನು ಕನ್ನಡಕ ಏರಿಸಿ ಓದಿದರು. "ಹನ್ನೆರಡು ವೋಲ್ಟು. ಒಂದು ಪೆನ್ಸಿಲ್ ಸೆಲ್ಲು ಒಂದೂವರೆ. ಎಂಟು ಸೆಲ್ ಸಾಲಾಗಿ ಇಟ್ಟರೆ ಮುಗೀತು. ಗಂಗಾ! ಮನೇಲಿರೋ ಗಡಿಯಾರ ಎಲ್ಲ ಇಳಿಸು!"

ಅವರ ಹೆಂಡತಿ ಗಂಗಾಭವಾನಿ ಎರಡು ಗಡಿಯಾರ, ಟೀವಿಯ ರಿಮೋಟು, ಬಿ.ಪಿ. ನೋಡುವ ಯಂತ್ರ, ದೇವರ ಮುಂದೆ ದಿನವಿಡೀ ಓಂಕಾರ ಹೇಳುತ್ತಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಎಲ್ಲವನ್ನೂ ಮಡಿಲಲ್ಲಿ ತುಂಬಿಕೊಂಡು ಬಂದರು. ಸೆಲ್ಲುಗಳನ್ನು ಕಿತ್ತು ದಿನಪತ್ರಿಕೆಯಲ್ಲಿ ಸುತ್ತಿ ಉದ್ದನೆಯ ಕೋಲು ಮಾಡಿದ್ದಾಯಿತು.

"ಈಗ ಅಡಾಪ್ಟರಿನ ವೈರು ಕತ್ತರಿಸಬೇಕು," ಎಂದರು ಈಶ್ವರಯ್ಯ.

"ಕತ್ತರಿಸೋದಾ?" ಎಂದ ಉಮಾಶಂಕರ. ಹೆಂಡತಿಯಂತೆ ಅವನೂ ಈಶ್ವರಯ್ಯನವರನ್ನು 'ಬಾಬಾಯ್', ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದ. "ಬಾಬಾಯ್ ಗಾರೂ, ಕರೆಂಟ್ ಬಂದ್ಮೇಲೆ ಅದೇ ಬೇಕಲ್ವಾ? ಸ್ವಲ್ಪ ಯೋಚನೆ..."

ಯೋಚನೆ ಎಂಬ ಮಾತು ಮುಗಿಯುವ ಮೊದಲೇ ತರಕಾರಿ ಕತ್ತರಿ 'ಚಕ್' ಎಂದಿತ್ತು. ಗೋಡೆಗೆ ಸಿಕ್ಕಿಸುವ ಭಾಗ ಒಂದು ಕಡೆ, ರೂಟರಿಗೆ ಸಿಕ್ಕಿಸುವ ಬಾಲ ಇನ್ನೊಂದು ಕಡೆ ಬಿದ್ದವು. ಇನ್ನು ಕರೆಂಟಿನವರೇ ಮನಸ್ಸು ಬದಲಾಯಿಸಿ ಲೈನು ಬಿಟ್ಟರೂ ಆ ಮನೆಯಲ್ಲಿ ವೈಫೈ ಬರುವಂತಿರಲಿಲ್ಲ.

"ಇದರಲ್ಲಿ ಪ್ಲಸ್ ಯಾವುದು?" ಎಂದ ಉಮಾಶಂಕರ ಬಾಲವನ್ನು ಎತ್ತಿಕೊಂಡು.

"ಬಿಳಿ ಗೆರೆ ಇರೋದು. ವಿಭೂತಿ ಇದ್ದ ಹಾಗೆ. ಒಳ್ಳೇದೇ ಇರುತ್ತೆ."

ಈ ತರ್ಕ ಹೇಗಿದ್ದರೂ ಉತ್ತರ ಸರಿಯಾಗಿತ್ತು. ಕಾಗದದ ಕೋಲಿನ ಒಂದು ತುದಿಯನ್ನು ಈಶ್ವರಯ್ಯ, ಇನ್ನೊಂದು ತುದಿಯನ್ನು ಉಮಾಶಂಕರ ಒತ್ತಿ ಹಿಡಿದು, ಒಂದೇ ಕಬ್ಬಿಗೆ ಎರಡು ಕಡೆಯಿಂದ ಬಾಯಿ ಹಾಕಿದವರಂತೆ ನಿಂತರು. ರೂಟರಿನ ದೀಪ ಹತ್ತಿತು! ಗಂಗಾಭವಾನಿ ಕೈಮುಗಿದರು. ದೀಪ ಒಮ್ಮೆ ಮಿನುಗಿತು, ಎರಡು ಸಲ ಮಿನುಗಿತು, ಆಮೇಲೆ ಹೋಯಿತು.

"ಹಳೇ ಸೆಲ್ಲು," ಎಂದರು ಈಶ್ವರಯ್ಯ. "ಅದಕ್ಕೇ ನಮ್ಮ ಮನೆ ಗಡಿಯಾರ ಯಾವಾಗಲೂ ಹಿಂದೆ. ನಾನು ಕಾಲವೇ ನಿಧಾನ ಅಂದ್ಕೊಂಡಿದ್ದೆ."

ಮುಂದಿನ ಸರದಿ ಉಮಾಶಂಕರನ ಬೈಕಿನದು. ಕಟ್ಟಡದ ಕೆಳಗೆ ಹೊದಿಕೆ ಹೊದ್ದು ಮಲಗಿದ್ದ ಬೈಕಿನ ಬ್ಯಾಟರಿಯನ್ನು ಬಿಚ್ಚುವ ಮುನ್ನ ಹಾರನ್ ಒತ್ತಿ ನೋಡಿದರು. ಅದು ಹಸಿದ ಬೆಕ್ಕಿನ ಮರಿಯ ಹಾಗೆ ಒಮ್ಮೆ ಕುಂಯ್ಯೆಂದು ಸುಮ್ಮನಾಯಿತು. ಮಾಲೀಕ ವಿಜಯವಾಡದಲ್ಲಿದ್ದರೆ ಬ್ಯಾಟರಿ ಇಲ್ಲಿ ಯಾರ ಸುಖಕ್ಕೆ ಬದುಕಿರಬೇಕು?

ಉಮಾಶಂಕರ ಫೋನಿನಲ್ಲಿ ಹೊತ್ತು ನೋಡಿಕೊಂಡ. ಹನ್ನೊಂದಕ್ಕೆ ಹೆಚ್ಚು ಹೊತ್ತಿರಲಿಲ್ಲ. ಬೆವರು ಮಾತ್ರ ಬೇಕಾದಷ್ಟಿತ್ತು.

ಆಗ ಬೀದಿಯ ತಿರುವಿನಲ್ಲಿ ಒಂದು ದೊಡ್ಡ ದನಿ ಮೊಳಗಿತು: "ಉಲ್ಲಿಪಾಯಲಮ್ಮಾ ಉಲ್ಲಿಪಾಯಲು! ಗಟ್ಟಿ ಉಲ್ಲಿಪಾಯಲು!"

ಅದು ಮೇಲ್ಮಹಡಿಯ ಬಾಬ್ಜಿಯ ಈರುಳ್ಳಿ ಆಟೋ. ಹಿಂದೆ ಈರುಳ್ಳಿ ರಾಶಿ, ಮೇಲೆ ಕಹಳೆಯಂಥ ಮೈಕು, ಮೈಕಿನಲ್ಲಿ ಅವನೇ ರೆಕಾರ್ಡು ಮಾಡಿಸಿದ ಅವನದೇ ದನಿ. ಬೆಳಗಿನ ಸುತ್ತು ಮುಗಿಸಿ ತಿಂಡಿಗೆ ಬರುತ್ತಿದ್ದ. ಈಶ್ವರಯ್ಯ ರೈಲಿಗೆ ಕೆಂಪು ಬಾವುಟ ತೋರಿಸುವವರಂತೆ ಟವೆಲ್ಲು ಬೀಸುತ್ತ ರಸ್ತೆಗೆ ಓಡಿದರು.

"ಬಾವಗಾರೂ, ನಿಮಗಿಲ್ಲದ ಬ್ಯಾಟರಿಯಾ?" ಎಂದ ಬಾಬ್ಜಿ. ಮಂಗಳಾಗೌರಿ ಅವನಿಗೆ ಅಕ್ಕನಾದ್ದರಿಂದ ಉಮಾಶಂಕರ ಬಾವನಾಗಿದ್ದ. "ಹೊಸದು, ಆನೆ ಇದ್ದ ಹಾಗಿದೆ. ಆದರೆ ಗಾಡಿಯಿಂದ ಬಿಚ್ಚೋದು ಮಾತ್ರ ಬೇಡ. ಬಿಚ್ಚಿದರೆ ಮೈಕಿನ ಮೆಷೀನು ಎಲ್ಲ ಮರೆತುಬಿಡುತ್ತೆ. ಹಿಂದೆ ಒಂದು ಸಲ ಹಾಗಾಗಿ ಎರಡು ದಿನ ನಾನೇ ಕೂಗಿ ಗಂಟಲು ಹೋಗಿತ್ತು."

"ಹಾಗಾದ್ರೆ ವೈರನ್ನೇ ಮೇಲಿಂದ ಇಳಿಬಿಡೋಣ," ಎಂದರು ಈಶ್ವರಯ್ಯ.

ಆಟೋ ಬಾಲ್ಕನಿಯ ಕೆಳಗೆ ಬಂದು ನಿಂತಿತು. ಈಶ್ವರಯ್ಯನವರ ಮನೆಯ ಹಳೆಯ ಎಕ್ಸ್‌ಟೆನ್ಶನ್ ಬೋರ್ಡಿನ ಉದ್ದನೆಯ ವೈರು ಅಡಾಪ್ಟರಿನ ಬಾಲಕ್ಕೆ ಗಂಟುಬಿದ್ದು ಬಾಲ್ಕನಿಯಿಂದ ಕೆಳಗಿಳಿಯಿತು. ಅದು ಟೀವಿಯಿದ್ದ ಹಾಲಿನವರೆಗೆ ಮುಟ್ಟದ್ದರಿಂದ ರೂಟರನ್ನೇ ಬಾಲ್ಕನಿಗೆ ತಂದು, ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದರು. ಕೆಳಗೆ ಆಟೋದ ಸೀಟೆತ್ತಿ ಈಶ್ವರಯ್ಯ ವೈರಿನ ತುದಿಯನ್ನು ಬ್ಯಾಟರಿಗೆ ತಾಗಿಸಿದರು. ಎರಡೂ ತುದಿ ಒಂದಕ್ಕೊಂದು ತಾಗಿ ಚಟಾರೆಂದು ಕಿಡಿ ಹಾರಿತು. ಈಶ್ವರಯ್ಯ ಈರುಳ್ಳಿ ರಾಶಿಯ ಮೇಲೆ ಅಂಗಾತ ಬಿದ್ದರು.

"ಅಯ್ಯೋ, ಸಬ್‌ಮರೀನಿನವರಿಗೇ ಹೀಗಾದ್ರೆ!" ಎಂದ ಉಮಾಶಂಕರ ಮೇಲಿನಿಂದ.

"ಅವರಿಗೇನು ಗೊತ್ತು ಅಲ್ಲುಡು ಗಾರೂ?" ಎಂದರು ಅವನ ಪಕ್ಕದಲ್ಲಿ ನಿಂತಿದ್ದ ಗಂಗಾಭವಾನಿ, ತೀರ ಸಹಜವಾಗಿ. "ಅಲ್ಲಿ ಅವರು ಪೂರಿ ಕರೀತಿದ್ದರು. ಅಡುಗೆ ಡಿಪಾರ್ಟ್‌ಮೆಂಟು."

ಕೆಳಗಿನಿಂದ ಈಶ್ವರಯ್ಯ ತಲೆಯೆತ್ತಿ ಗುಡುಗಿದರು. "ಪೂರಿ ಕರೆಯೋನಿಗೂ ಬ್ಯಾಟರಿ ಪಕ್ಕದಲ್ಲೇ ಕಾಣ್ತಿತ್ತು!"

ಉಮಾಶಂಕರ ತಾನೇ ಇಳಿದುಬಂದು, ದೇವರನ್ನು ನೆನೆದು, ಬಿಳಿ ಗೆರೆಯ ವೈರಿಗೆ ಸೇರಿದ್ದನ್ನು ಕೆಂಪು ಗುರುತಿಗೂ ಇನ್ನೊಂದನ್ನು ಕಪ್ಪಿಗೂ ಸುತ್ತಿ, ಮೇಲೆ ಟೇಪು ಅಂಟಿಸಿದ. ಬಾಲ್ಕನಿಯಿಂದ ಮಂಗಳಾಗೌರಿ ಕೂಗಿದಳು. "ಹತ್ತಿತು ರೀ! ಎಲ್ಲ ದೀಪಾನೂ ಹತ್ತಿತು! ಬೇಗ ಬನ್ನಿ!"

"ಬಾಬ್ಜಿ, ಸಂದರ್ಶನ ಮುಗಿಯೋ ತನಕ ಮೈಕ್ ಮಾತ್ರ ಹಾಕ್ಬೇಡಪ್ಪ," ಎಂದು ಕೈಮುಗಿದು ಉಮಾಶಂಕರ ಮೆಟ್ಟಿಲು ಹಾರಿದ.

ಅರ್ಧ ಇಸ್ತ್ರಿಯಾದ ಶರ್ಟು ತೊಟ್ಟು, ಸುಕ್ಕುಗಟ್ಟಿದ ಎಡತೋಳು ಕಾಣದ ಹಾಗೆ ಮೈ ತಿರುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತ. ಪರದೆಯ ಮೇಲೆ ಮೂರು ಮುಖ ಮೂಡಿದವು. ನಡುವೆ ಇದ್ದವರು ಕಂಪನಿಯ ಹಿರಿಯ ಅಧಿಕಾರಿ ಹೈಮಾವತಿ. ಅಕ್ಕಪಕ್ಕದ ಇಬ್ಬರು ಅವರು ತಲೆಯಾಡಿಸಿದಾಗ ತಲೆಯಾಡಿಸಲು ಇದ್ದವರು.

"ನಮಸ್ಕಾರ ಉಮಾಶಂಕರ್ ಗಾರು. ಸ್ವಲ್ಪ ನೇರವಾಗಿ ಕೂರಬಹುದಲ್ಲ? ಕತ್ತು ನೋವಾ?"

"ಇಲ್ಲ ಮೇಡಂ, ಅಭ್ಯಾಸ," ಎಂದ ಉಮಾಶಂಕರ.

ಮೊದಲ ಪ್ರಶ್ನೆಗೆ ಚೆನ್ನಾಗಿಯೇ ಉತ್ತರಿಸಿದ. ಎರಡನೆಯದರ ನಡುವೆ ಹೈಮಾವತಿಯವರ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಉಮಾಶಂಕರ ಗಾಬರಿಯಿಂದ ಸುತ್ತ ನೋಡಿದ. ಹಾಲಿನ ಮೂಲೆಯ ಸೋಫಾದಲ್ಲಿ ಗಂಗಾಭವಾನಿ ಕಾಲು ಮಡಚಿ ಕೂತು, ಫೋನಿನಲ್ಲಿ ಯಾವುದೋ ದೇವಸ್ಥಾನದ ಅಭಿಷೇಕವನ್ನು ನೇರ ಪ್ರಸಾರದಲ್ಲಿ ನೋಡುತ್ತ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಇಡೀ ಬೀದಿಯಲ್ಲಿ ನೆಟ್ ಇದ್ದದ್ದು ಈ ಮನೆಯಲ್ಲಿ ಮಾತ್ರ. ಪಾಸ್‌ವರ್ಡನ್ನು ಮಂಗಳಾಗೌರಿ ಎಂದೋ ಎಲ್ಲರಿಗೂ ಹಂಚಿದ್ದಳು.

ಉಮಾಶಂಕರ ಮೇಜಿನ ಕೆಳಗಿನಿಂದ ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ಗಂಗಾಭವಾನಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಈಗ ಆಫ್ ಮಾಡಕ್ಕಾಗಲ್ಲಮ್ಮ," ಎಂದರು ಅವರು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. "ಹಾಲು ಆಯ್ತು, ಮೊಸರು ನಡೀತಿದೆ. ಮಧ್ಯೆ ಎದ್ದರೆ ಅಲ್ಲುಡು ಗಾರಿಗೇ ಒಳ್ಳೇದಲ್ಲ."

ಕೊನೆಗೆ ಮೊಸರು, ಜೇನು ಎರಡೂ ಮುಗಿದವು. ಹೈಮಾವತಿಯವರ ಬಾಯಿ ಮತ್ತೆ ಚಲಿಸಿತು.

"ಉಮಾಶಂಕರ್ ಗಾರು, ನಿಮ್ಮನ್ನೇ ಯಾಕೆ ಆರಿಸಬೇಕು? ನಿಮ್ಮ ಗುಣಗಳನ್ನು ನಿಮ್ಮ ಮಾತಲ್ಲೇ ಹೇಳಿ."

ಉಮಾಶಂಕರ ಉಸಿರೆಳೆದುಕೊಂಡ. ಅದೇ ಗಳಿಗೆಗೆ ಕೆಳಗೆ, ಈರುಳ್ಳಿ ಆರಿಸಲು ಬಗ್ಗಿದ ಹೆಂಗಸೊಬ್ಬಳ ಮೊಣಕೈ ಮೈಕಿನ ಗುಂಡಿಗೆ ತಾಗಿತು.

"ಗಟ್ಟಿ ಮಾಲು! ಒಳ್ಳೇ ಬಣ್ಣ! ಒಂದು ಸಿಪ್ಪೆ ಸುಲಿದರೆ ಸಾಕು, ಕಣ್ಣಲ್ಲಿ ನೀರು!" ಎಂದಿತು ಬಾಬ್ಜಿಯ ತೆಲುಗು ದನಿ, ಗೋಡೆ ನಡುಗುವ ಹಾಗೆ.

ಪರದೆಯ ಮೇಲಿನ ಮೂವರೂ ಹಿಂದಕ್ಕೆ ಸರಿದರು. "ಏನಂದಿರಿ?"

"ನಾನಲ್ಲ ಮೇಡಂ. ಈರುಳ್ಳಿ."

"ಹೋಗಲಿ. ಒಂದೇ ಊರಲ್ಲಿ ಎಷ್ಟು ಕಾಲ ಇರೋದಕ್ಕೆ ತಯಾರಿದ್ದೀರಿ?"

"ತಿಂಗಳುಗಟ್ಟಲೆ ಇಟ್ಟರೂ ಕೊಳೆಯೋದಿಲ್ಲ! ಮೂಲೇಲಿ ಹಾಕಿದರೂ ಮೊಳಕೆ ಒಡೆಯೋದಿಲ್ಲ!"

ಪಕ್ಕದಲ್ಲಿ ಕೂತಿದ್ದ ಅಧಿಕಾರಿಯೊಬ್ಬರು ಅದನ್ನು ಬರೆದುಕೊಂಡದ್ದನ್ನು ಉಮಾಶಂಕರ ಕಣ್ಣಾರೆ ಕಂಡ.

ಬಾಬ್ಜಿ ಓಡಿಬಂದು ಮೈಕಿನ ಬಾಯಿ ಮುಚ್ಚಿದ. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಬೀದಿಯ ಆ ತುದಿಯಲ್ಲಿ ನೀರಿನ ಟ್ಯಾಂಕರು ಕಾಣಿಸಿಕೊಂಡಿತು. ಬೀದಿ ಇಕ್ಕಟ್ಟು. ಟ್ಯಾಂಕರಿನವನು ಆಟೋ ತೆಗೆಯೆಂದು ಹಾರನ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಗಾಬರಿಗೆ ಬಾಬ್ಜಿಗೆ ವೈರು ಮರೆತುಹೋಯಿತು. ಆಟೋ ಸ್ಟಾರ್ಟ್ ಮಾಡಿ ಮುಂದಕ್ಕೆ ಬಿಟ್ಟ.

ಬಾಲ್ಕನಿಯಲ್ಲಿ ಬಕೆಟ್ಟು ಉರುಳಿದ ಸದ್ದಾಯಿತು. ರೂಟರು ಮೆರವಣಿಗೆ ಹೊರಟಂತೆ ಕಂಬಿಯ ಕಡೆ ಜಾರುತ್ತಿತ್ತು.

"ಮಂಗಳಾ, ಹಿಡ್ಕೋ!"

ಮಂಗಳಾಗೌರಿ ಹಾರಿ ಅದನ್ನು ಎದೆಗವಚಿಕೊಂಡಳು. ವೈರು ಬಿಗಿದು ಅವಳನ್ನೂ ಎಳೆಯಿತು. ರೂಟರು ಕಾಯಲು ಬಾಲ್ಕನಿಗೆ ಬಂದು ನಿಂತಿದ್ದ ಈಶ್ವರಯ್ಯ ಕಾಲುಗಳನ್ನು ಕಂಬಿಗೆ ಒತ್ತಿ, ದೊಡ್ಡ ಮೀನು ಗಾಳಕ್ಕೆ ಬಿದ್ದವರಂತೆ ವೈರನ್ನು ಎರಡೂ ಕೈಯಲ್ಲಿ ಜಗ್ಗುತ್ತ, "ಬಾಬ್ಜೀ! ಹಿಂದೆ ಬಾರೋ! ನಿಮ್ಮಕ್ಕ ಬೀಳ್ತಾಳೆ!" ಎಂದು ಅರಚಿದರು. ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ಉಮಾಶಂಕರ ತೆರೆದ ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಬಾಲ್ಕನಿಗೆ ಓಡಿದ.

ಹೀಗಾಗಿ ಕಂಪನಿಯ ಮೂವರು ಹಿರಿಯರಿಗೆ ಎಲ್ಲವೂ ಸಾಲಾಗಿ ಕಂಡಿತು. ಡಬ್ಬವೊಂದನ್ನು ಮಗುವಿನಂತೆ ಅಪ್ಪಿ ನಿಂತ ಗೃಹಿಣಿ, ವೈರಿಗೆ ಜೋತುಬಿದ್ದ ಮುದುಕ, ಕೆಳಗೆ ಹಿಂದೆ ಮುಂದೆ ಓಲಾಡುತ್ತಿದ್ದ ಆಟೋ, ಬೀದಿಯ ತುಂಬ ಉರುಳುತ್ತಿದ್ದ ಈರುಳ್ಳಿ, ಅವನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದ ಹೆಂಗಸರು.

ಆಟೋ ಹಿಂದಕ್ಕೆ ಬಂತು. ವೈರು ಸಡಿಲವಾಯಿತು. ಆಶ್ಚರ್ಯವೆಂದರೆ ಟೇಪು ಬಿಟ್ಟಿರಲಿಲ್ಲ, ದೀಪ ಆರಿರಲಿಲ್ಲ.

"ಉಮಾಶಂಕರ್ ಗಾರು," ಎಂದಿತು ಲ್ಯಾಪ್‌ಟಾಪು ಅವನ ತೋಳಿನಿಂದ. "ಅಲ್ಲಿ ಏನು ನಡೀತಿದೆ?"

ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅಳುದನಿಯಲ್ಲಿ ಉಮಾಶಂಕರ ಎಲ್ಲವನ್ನೂ ಹೇಳಿದ. ಕರೆಂಟು ಹೋದದ್ದು, ಗಡಿಯಾರಗಳನ್ನು ಬರಿದು ಮಾಡಿದ್ದು, ಅಡಾಪ್ಟರು ಕತ್ತರಿಸಿದ್ದು, ಈರುಳ್ಳಿ ಗಾಡಿಯ ಬ್ಯಾಟರಿಯಿಂದ ವೈಫೈ ಹೊತ್ತಿಸಿದ್ದು. ಅಡ್ಡ ತಿರುಗಿ ಕೂತದ್ದು ಯಾಕೆಂದು ಎಡತೋಳನ್ನೂ ತೋರಿಸಿದ. "ಕ್ಷಮಿಸಿ ಮೇಡಂ. ಹಾಜರಾಗ್ಲೇಬೇಕಿತ್ತು. ಬೇರೆ ದಾರಿ ಇರ್ಲಿಲ್ಲ."

ಹೈಮಾವತಿಯವರು ಮೊದಲು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅದನ್ನೂ ತೆಗೆದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರು ನಕ್ಕರೆಂದು ಪಕ್ಕದ ಇಬ್ಬರೂ ನಕ್ಕರು. ನಂತರ ಮೂವರೂ ತಲೆ ಹತ್ತಿರ ತಂದು ಏನೋ ಮಾತಾಡಿಕೊಂಡರು.

"ಅದ್ಭುತ!" ಎಂದರು ಹೈಮಾವತಿ ಈ ಕಡೆ ತಿರುಗಿ. "ಇನ್ನೊಬ್ಬ ಅಭ್ಯರ್ಥಿ ವಿಜಯವಾಡದ ಇನ್ನೊಂದು ಶಾಖೆಯ ಕೃಷ್ಣಪ್ರಸಾದ್. ಮನೆಯಲ್ಲಿ ಕರೆಂಟ್ ಇಲ್ಲ, ಬರೋದಕ್ಕಾಗಲ್ಲ ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗಿಬಿಟ್ಟರು. ನೀವು ನೋಡಿ! ಸಾಯಂಕಾಲ ಫೋನ್ ಮಾಡ್ತೀನಿ, ಸಿಗ್ತೀರಲ್ಲ?"

ಲ್ಯಾಪ್‌ಟಾಪು ಮುಚ್ಚಿದ್ದೇ ತಡ ಬಾಲ್ಕನಿಯಲ್ಲಿ ಹಬ್ಬ ಶುರುವಾಯಿತು. ಇನ್ನೊಬ್ಬ ಬರಲೇ ಇಲ್ಲ! ಅಂದಮೇಲೆ ಇನ್ನೇನು ಉಳಿಯಿತು? ಈಶ್ವರಯ್ಯ ಎಲ್ಲವೂ ತಮ್ಮ ಬುದ್ಧಿಯೆಂದರು. ಬಾಬ್ಜಿ ತನ್ನ ಬ್ಯಾಟರಿಯೆಂದ. ಗಂಗಾಭವಾನಿ ಅಭಿಷೇಕದ ಫಲವೆಂದರು. ಮಂಗಳಾಗೌರಿ ಯಾರ ಮಾತನ್ನೂ ಕೇಳದೆ, ರೂಟರನ್ನು ಇನ್ನೂ ಕೈಯಲ್ಲೇ ಹಿಡಿದು ಗಂಡನನ್ನು ನೋಡುತ್ತ ನಿಂತಿದ್ದಳು.

"ರೀ, ಇನ್ಮೇಲೆ ದಿನಾ ರಾತ್ರಿ ಇಬ್ಬರಿಗೂ ಅಡುಗೆ ಮಾಡಬೇಕು ಕದಾ," ಎಂದಳು ಮೆಲ್ಲಗೆ. ಅದನ್ನು ದೂರುವವಳ ಹಾಗೆ ಹೇಳಿದರೂ ಕಣ್ಣು ತುಂಬಿಬಂದಿತ್ತು. ಉಮಾಶಂಕರ ಒಳಗೆ ಹೋಗಿ, ವಿಜಯವಾಡಕ್ಕೆ ಒಯ್ಯಲೆಂದು ಅವಳು ಕಟ್ಟಿಟ್ಟಿದ್ದ ಚಟ್ನಿಪುಡಿಯ ಡಬ್ಬವನ್ನು ಚೀಲದಿಂದ ತೆಗೆದು ಅಡುಗೆಮನೆಯ ಗೂಡಿನಲ್ಲಿ ಇಟ್ಟ.

ಸಂಜೆ ಕರೆಂಟು ಬಂತು, ಟವರು ಎಚ್ಚರವಾಯಿತು. ಅಡಾಪ್ಟರು ಎರಡು ತುಂಡಾಗಿದ್ದರಿಂದ ವೈಫೈ ಮಾತ್ರ ಬರಲಿಲ್ಲ. ಹಾಗಾಗಿ ಎಲ್ಲರೂ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಸೇರಿದರು. ಬಾಬ್ಜಿ ಈರುಳ್ಳಿ ಪಕೋಡಿ ಮಾಡಿಸಿ ತಂದಿದ್ದ. ಬಂದರಿನ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಫೋನು ಟ್ಯಾಂಕಿನ ಮೇಲೆ ಕೂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ಅದು ಬಡಿದುಕೊಂಡಾಗ ಈಶ್ವರಯ್ಯ ತಾವೇ ಸ್ಪೀಕರ್ ಒತ್ತಿದರು.

"ಉಮಾಶಂಕರ್ ಗಾರು, ಅಭಿನಂದನೆಗಳು! ನಿಮ್ಮ ಹೆಸರು ಒಂದೇ ಮಾತಿಗೆ ಒಪ್ಪಿಗೆಯಾಗಿದೆ," ಎಂದರು ಹೈಮಾವತಿ.

ತಾರಸಿಯ ಮೇಲೆ ಚಪ್ಪಾಳೆ ಬಿತ್ತು. ಗಂಗಾಭವಾನಿ ಮಂಗಳಾಗೌರಿಯ ಬಾಯಿಗೆ ಪಕೋಡಿ ತುರುಕಿದರು.

"ತುಂಬಾ ಥ್ಯಾಂಕ್ಸ್ ಮೇಡಂ! ವಿಶಾಖಪಟ್ಟಣಕ್ಕೆ ಯಾವತ್ತು ಬಂದು ಸೇರ್ಲಿ?"

"ವಿಶಾಖಪಟ್ಟಣವಾ? ಅಯ್ಯೋ, ಅಷ್ಟು ಸಣ್ಣ ಕೆಲಸಕ್ಕೆ ನಿಮ್ಮನ್ನು ವ್ಯರ್ಥ ಮಾಡ್ತೀವಾ? ಮನ್ಯದ ಕಾಡುಬೆಟ್ಟದ ಮೇಲೆ, ಚಿಂತಲಗೊಂದಿ ಅಂತ ಒಂದು ಹಳ್ಳಿಯಲ್ಲಿ ಹೊಸ ಶಾಖೆ ತೆರೆದಿದ್ದೀವಿ. ಕಳಿಸಿದವರೆಲ್ಲ ಕರೆಂಟಿಲ್ಲ, ನೆಟ್ಟಿಲ್ಲ ಅಂತ ವಾರದೊಳಗೆ ಇಳಿದುಬರ್ತಾರೆ. ಅಲ್ಲಿಗೆ ಯಾರನ್ನು ಹಾಕೋದು ಅಂತ ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆವು. ಇವತ್ತು ನಿಮ್ಮನ್ನು ನೋಡಿದ ತಕ್ಷಣ ಮೂವರಿಗೂ ಒಟ್ಟಿಗೆ ಹೊಳೆಯಿತು."

ಪಕೋಡಿ ಜಗಿಯುವ ಸದ್ದು ನಿಂತಿತು.

"ಮೇಡಂ, ಅಲ್ಲಿಂದ... ಶನಿವಾರ ಬರೋದಕ್ಕೆ ಬಸ್ಸು..."

"ಬಸ್ಸಿದೆ. ಮಂಗಳವಾರ ಮೇಲೆ ಹೋಗುತ್ತೆ, ಬುಧವಾರ ಕೆಳಗೆ ಬರುತ್ತೆ. ಜೀಪೂ ಸಿಗುತ್ತೆ ಅಂತಾರೆ, ಮಳೆ ಇಲ್ಲದಾಗ. ನಿಮ್ಮಂಥವರಿಗೆ ಅದೆಲ್ಲ ಒಂದು ಲೆಕ್ಕವಾ?"

"ಮತ್ತೆ ವಿಶಾಖಪಟ್ಟಣದ ಜಾಗ?" ಎಂದ ಉಮಾಶಂಕರ. ದನಿ ಬೈಕಿನ ಹಾರನ್ನಿನಷ್ಟೂ ಹೊರಡಲಿಲ್ಲ.

"ಅದನ್ನು ಕೃಷ್ಣಪ್ರಸಾದ್ ಅವರಿಗೆ ಕೊಟ್ಟೆವು. ಪಾಪ, ಒಂದು ದಿನ ಕರೆಂಟ್ ಹೋದರೆ ಸಂದರ್ಶನಕ್ಕೂ ಬರೋದಕ್ಕಾಗದ ಮನುಷ್ಯ. ಅಂಥವರನ್ನು ಬೆಟ್ಟಕ್ಕೆ ಕಳಿಸೋದಕ್ಕಾಗುತ್ತಾ, ನೀವೇ ಹೇಳಿ? ಸಿಟಿಯಲ್ಲೇ ಇಟ್ಟುಕೋಬೇಕು." ಹೈಮಾವತಿಯವರು ಇನ್ನೊಮ್ಮೆ ಅಭಿನಂದಿಸಿ ಫೋನಿಟ್ಟರು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಬ್ಜಿ ಪಕೋಡಿಯ ಪೊಟ್ಟಣವನ್ನು ನಿಧಾನಕ್ಕೆ ಮಡಚಿದ. ಮಂಗಳಾಗೌರಿ ಕೆಳಗಿಳಿದು ಹೋಗಿ, ಗೂಡಿನಲ್ಲಿದ್ದ ಚಟ್ನಿಪುಡಿಯ ಜೊತೆಗೆ ಇನ್ನೂ ದೊಡ್ಡ ಡಬ್ಬವೊಂದನ್ನು ಹುಡುಕತೊಡಗಿದ ಸದ್ದು ಮೇಲ್ಗಡೆಗೂ ಕೇಳಿಸಿತು.

ಫೋನು ಮತ್ತೆ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಉಮಾಶಂಕರ್ ಗಾರಾ? ನಾನು ಕೃಷ್ಣಪ್ರಸಾದ್ ಅಂಡಿ, ವಿಜಯವಾಡದಿಂದ." ಆ ಕಡೆಯವನು ಅಳುವುದೊಂದು ಬಾಕಿ. "ನಮ್ಮ ಅತ್ತೆಮನೆ ಎದುರುಮನೆಯೇ, ಊಟ ತಿಂಡಿ ಎಲ್ಲ ಅಲ್ಲೇ ನಡೀತಿದೆ. ನನಗೆ ಈ ಊರು ಬಿಡೋದಕ್ಕೇ ಇಷ್ಟವಿಲ್ಲ. ಮೇಲಿನವರ ಬಲವಂತಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಹೋಗದಿದ್ದರೆ ತಾನಾಗಿ ತಪ್ಪುತ್ತೆ ಅಂತ ಕರೆಂಟಿಲ್ಲ ಅಂತ ಸುಳ್ಳು ಹೇಳಿದೆ. ಇಡೀ ದಿನ ಎ.ಸಿ. ಕೆಳಗೇ ಕೂತಿದ್ದೆ ಅಂಡಿ! ಈಗ ನೋಡಿದರೆ, ಕರೆಂಟಿಲ್ಲದಿದ್ದರೆ ಬದುಕಲಾರದವನು ಅಂತ ವಿಶಾಖಪಟ್ಟಣಕ್ಕೆ ಹಾಕಿಬಿಟ್ಟರು. ನಿಮ್ಮ ಬ್ಯಾಟರಿಯ ಕಥೆಯನ್ನೂ ಮೇಡಂ ಹೇಳಿದರು, ನಿಮ್ಮ ನಂಬರೂ ಅವರೇ ಕೊಟ್ಟರು."

ಉಮಾಶಂಕರ ಕಣ್ಣು ಮುಚ್ಚಿಕೊಂಡು, "ಈಗ ನಾನೇನ್ ಮಾಡ್ಬೇಕು ಹೇಳಿ?" ಎಂದ.

"ನನಗೂ ಬ್ಯಾಟರಿಯಿಂದ ವೈಫೈ ಹೊತ್ತಿಸೋದಕ್ಕೆ ಬರುತ್ತೆ ಅಂತ ಮೇಡಂಗೆ ವೀಡಿಯೋ ಮಾಡಿ ಕಳಿಸಿದರೆ ಮನಸ್ಸು ಬದಲಾಯಿಸಬಹುದೇನೋ ಅಂತ ಒಂದು ಆಸೆ. ದಯವಿಟ್ಟು ಸ್ವಲ್ಪ ಹೇಳಿಕೊಡಿ. ಎಲ್ಲ ಮುಂದೆ ಇಟ್ಟುಕೊಂಡು ಕೂತಿದ್ದೀನಿ. ಮೊದಲು ಯಾವ ವೈರು ಹಿಡೀಬೇಕು?"

ಉಮಾಶಂಕರ ಒಂದು ಗಳಿಗೆ ಕತ್ತಲಾಗುತ್ತಿದ್ದ ಗುಡ್ಡವನ್ನು ನೋಡಿದ. ಆಮೇಲೆ ಫೋನನ್ನು ತುಂಬ ಗೌರವದಿಂದ ಈಶ್ವರಯ್ಯನವರ ಕೈಗೆ ಕೊಟ್ಟು ಹೇಳಿದ:

"ಬಾಬಾಯ್ ಗಾರೂ, ಇವರಿಗೆ ನೀವೇ ಹೇಳಿಕೊಡಿ."